ವಯಸ್ಸಾದ ನಾಯಿಯನ್ನು ಮನೆಗೆ ತರುವವರಿಗೆ

ನಾಯಿಮರಿ ಯಾರಿಗೆ ಬೇಡ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಮರಿಗಳ ಫೋಟೋ ಹಾಕಿದರೆ ಸಂಜೆಯೊಳಗೆ ಕೇಳಿಕೊಂಡು ಬರುತ್ತಾರೆ. ಅದೇ ಗ್ರೂಪಿನಲ್ಲಿ "ಹತ್ತು ವರ್ಷದ ಹೆಣ್ಣು ನಾಯಿ, ತುಂಬಾ ಪಾಪ, ಸಾಕಿದವರು ತೀರಿಕೊಂಡಿದ್ದಾರೆ" ಅಂತ ಹಾಕಿದರೆ ಎಲ್ಲರಿಗೂ ಬೇಜಾರಾಗುತ್ತದೆ, ಆದರೆ ಮನೆ ಸಿಗುವುದಿಲ್ಲ. ವಯಸ್ಸಾದ ನಾಯಿ ಹೊಸಬರಿಗೆ ಹೊಂದಿಕೊಳ್ಳುವುದಿಲ್ಲ, ಇನ್ನೆಷ್ಟು ವರ್ಷ ಇರುತ್ತದೆ, ಆಸ್ಪತ್ರೆ ಖರ್ಚೇ ಜಾಸ್ತಿ, ಇವೇ ಮಾತು. ಕೊನೆಯ ಎರಡರಲ್ಲಿ ಸ್ವಲ್ಪ ನಿಜ ಇದೆ. ಮೊದಲನೆಯದು ಮಾತ್ರ ಖಂಡಿತ ಸುಳ್ಳು. ಹೊಂದಿಕೊಳ್ಳುತ್ತದೆ. ಆದರೆ ಹೊಂದಿಕೊಳ್ಳಲು ಬಿಡಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಇಂಥ ನಾಯಿಗಳು ಯಾಕೆ ಇಷ್ಟು ಕಾಣುತ್ತವೆ ಅಂತ ನಮಗೆಲ್ಲ ಗೊತ್ತಿದೆ. ಮಕ್ಕಳು ದುಬೈ, ಕತಾರ್, ಬೆಂಗಳೂರು. ದೊಡ್ಡ ಕಂಪೌಂಡಿನ ಹಂಚಿನ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಅವರ ಜೊತೆಗೆ ಒಂದು ನಾಯಿ. ಒಂದು ದಿನ ಹಿರಿಯರು ತೀರಿಕೊಳ್ಳುತ್ತಾರೆ, ಇಲ್ಲವೇ ಮಕ್ಕಳು ಬಂದು ಕರೆದುಕೊಂಡು ಹೋಗುತ್ತಾರೆ, ಮನೆಗೆ ಬೀಗ ಬೀಳುತ್ತದೆ, ಸ್ವಲ್ಪ ಸಮಯಕ್ಕೆ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ನಾಯಿ ಗೇಟಿನ ಹೊರಗೆ ಉಳಿಯುತ್ತದೆ. ಅಕ್ಕಪಕ್ಕದವರು ಅನ್ನ ಹಾಕುತ್ತಾರೆ, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಆದರೆ ಹತ್ತು ವರ್ಷ ಸಿಟೌಟಿನಲ್ಲಿ ಫ್ಯಾನಿನ ಕೆಳಗೆ ಮಲಗಿದ ಪ್ರಾಣಿಗೆ ಬೀದಿಯಲ್ಲಿ ಬದುಕಲು ಗೊತ್ತಿರುವುದಿಲ್ಲ. ಬೀದಿ ನಾಯಿಗಳೂ ಅದನ್ನು ಸೇರಿಸಿಕೊಳ್ಳುವುದಿಲ್ಲ.

ನಮ್ಮ ಬ್ರೌನಿ ಹಾಗೇ ಬಂದವಳು. ಮಂಗಳೂರಿನದೇ ವೆಲೆನ್ಸಿಯಾ ಕಡೆಯ ಒಬ್ಬರು ಬಾಯಮ್ಮ (ಕ್ರಿಶ್ಚಿಯನ್ ಹೆಂಗಸರನ್ನು ನಮ್ಮೂರಿನಲ್ಲಿ ಹಾಗೆ ಕರೆಯುತ್ತಾರೆ) ಸಾಕಿದ್ದ ಊರ ನಾಯಿ. ಕಂದು ಬಣ್ಣ, ಮೂತಿ ಪೂರ್ತಿ ಬಿಳಿಯಾಗಿದೆ, ಎಡ ಕಿವಿಯ ತುದಿ ಸ್ವಲ್ಪ ಹರಿದಿದೆ. ಬಾಯಮ್ಮ ತೀರಿಕೊಂಡ ಮೇಲೆ ಅವರ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು, ಅವರ ಮೂಲಕ ನಮಗೆ ಗೊತ್ತಾಯಿತು. ನಾವಿರುವುದು ಉರ್ವದಲ್ಲಿ, ನಾನು, ಅಮ್ಮ, ಮತ್ತು ಒಂದು ಬೆಕ್ಕು.

ಕರೆದುಕೊಂಡು ಬರುವ ಮೊದಲು ಹಳೆ ಮನೆಯ ಸಂಗತಿ ಎಷ್ಟು ಸಾಧ್ಯವೋ ಅಷ್ಟು ಕೇಳಿಟ್ಟುಕೊಳ್ಳಿ. ಬೇರೆ ಎಲ್ಲದಕ್ಕಿಂತ ಇದೇ ಮುಖ್ಯ ಅಂತ ನಾನು ಹೇಳುತ್ತೇನೆ. ಎಷ್ಟು ಹೊತ್ತಿಗೆ ಊಟ, ಏನು ಊಟ, ಎಲ್ಲಿ ಮಲಗುತ್ತಿತ್ತು, ಉಚ್ಚೆಗೆ ಎಲ್ಲಿ ಹೋಗುತ್ತಿತ್ತು, ಯಾವುದಕ್ಕೆ ಹೆದರುತ್ತದೆ, ಗಂಡಸರನ್ನು ಕಂಡರೆ ಹೇಗೆ, ಮಕ್ಕಳನ್ನು ಕಂಡರೆ ಹೇಗೆ, ಯಾವ ಮಾತ್ರೆ ನಡೆಯುತ್ತಿದೆ, ಲಸಿಕೆ ಪುಸ್ತಕ ಇದೆಯಾ. ಅದು ಮಲಗುತ್ತಿದ್ದ ಬಟ್ಟೆ, ಗೋಣಿ, ಏನಿದ್ದರೂ ತನ್ನಿ. ಒಗೆಯಬೇಡಿ. ನಮಗೆ ಅದು ವಾಸನೆ ಹೊಡೆಯುವ ಹಳೆ ಬೆಡ್‌ಶೀಟ್, ಅದಕ್ಕೆ ಇಡೀ ಹೊಸ ಮನೆಯಲ್ಲಿ ಗುರುತು ಸಿಗುವುದು ಅದೊಂದೇ. ಊಟದ ತಟ್ಟೆಯೂ ಹಳೆಯದೇ ಇರಲಿ. ಬ್ರೌನಿಯದ್ದು ಅಂಚು ನಗ್ಗಿದ ಅಲ್ಯುಮಿನಿಯಂ ಬೋಗುಣಿ, ಈಗಲೂ ಅದರಲ್ಲೇ ಊಟ.

ಹೆಸರು ಬದಲಾಯಿಸಬೇಡಿ. ಮನೆ, ಜನ, ಎಲ್ಲ ಹೋದ ಮೇಲೆ ಉಳಿದಿರುವುದು ಅದೊಂದು.

ಭಾಷೆಯ ವಿಷಯ ನಮ್ಮೂರಿನಲ್ಲಿ ಬೇರೆಯೇ ಇದೆ. ನಮ್ಮ ಮನೆಯಲ್ಲಿ ತುಳು, ಕನ್ನಡ. ಬ್ರೌನಿ ಬೆಳೆದದ್ದು ಕೊಂಕಣಿ ಮನೆಯಲ್ಲಿ. ಅಮ್ಮ ತುಳುವಿನಲ್ಲಿ "ಬಲ, ಬಲ" (ಬಾ, ಬಾ) ಅಂತ ಕರೆದರೆ ಮುಖ ನೋಡುತ್ತಿದ್ದಳು ಅಷ್ಟೇ, ಏಳುತ್ತಿರಲಿಲ್ಲ. ಕಿವಿ ಮಂದ ಇರಬಹುದು ಅಂತ ಅಮ್ಮನಿಗೆ ಸಂಶಯ. ಹಳೆ ಮನೆಯ ಪಕ್ಕದವರಿಗೆ ಫೋನ್ ಮಾಡಿದಾಗ ಅವರು ಹೇಳಿದರು, "ಅಕ್ಕ, ಬಾಯಮ್ಮ ಅವಳ ಹತ್ತಿರ ಕೊಂಕಣಿಯಲ್ಲೇ ಮಾತಾಡುತ್ತಿದ್ದದ್ದು ಮಾರಾಯ್ರೆ, ನೀವೂ ಹಾಗೇ ಕರೆಯಿರಿ." ಅಮ್ಮ ಫೋನ್ ಕೈಯಲ್ಲಿ ಹಿಡಿದುಕೊಂಡೇ "ಯೇ ಬ್ರೌನಿ, ಯೇ ಹಾಂಗಾ" (ಬಾ ಬ್ರೌನಿ, ಇಲ್ಲಿ ಬಾ) ಅಂದರು. ಬ್ರೌನಿ ಎದ್ದಳು. ಬಾಲ ಆಡಿಸಲಿಲ್ಲ, ಓಡಿಯೂ ಬರಲಿಲ್ಲ, ಎದ್ದು ಬಂದು ಅಮ್ಮನ ಕಾಲಿನ ಹತ್ತಿರ ನಿಂತು ಆಚೀಚೆ ನೋಡಿದಳು, ಆ ಮಾತು ಆಡುವವರು ಬೇರೆ ಯಾರಾದರೂ ಇದ್ದಾರಾ ಅಂತ. ಅಮ್ಮನಿಗೆ ಅಳು ಬಂತು. ಆಮೇಲೆ ನಾವು "ಬಸ್" (ಕೂತುಕೋ), "ಜೇವ್" (ಊಟ ಮಾಡು), "ಭಾಯ್ರ್ ವಚ್" (ಹೊರಗೆ ಹೋಗು) ಇಷ್ಟನ್ನು ಕಲಿತೆವು. ಈಗ ಅವಳಿಗೆ ತುಳುವೂ ಅರ್ಥವಾಗುತ್ತದೆ, ಆದರೆ ಹೆದರಿದಾಗ ಕೊಂಕಣಿಯಲ್ಲಿ ಕರೆದರೇ ಬೇಗ ಬರುತ್ತಾಳೆ.

ಮೊದಲ ದಿನಗಳಲ್ಲಿ ನೀವು ಮಾಡಬೇಕಾದದ್ದು ತುಂಬಾ ಕಡಿಮೆ. ನೋಡಲು ನೆಂಟರನ್ನು ಕರೆಯಬೇಡಿ. ನಾರುತ್ತದೆ ಅಂತ ಬಂದ ದಿನವೇ ಸ್ನಾನ ಮಾಡಿಸಬೇಡಿ. ಇಡೀ ಮನೆ ಸುತ್ತಿಸಬೇಡಿ. ಒಂದು ಮೂಲೆ ಕೊಡಿ, ಗೋಡೆಗೆ ತಾಗಿಕೊಂಡು, ಜನ ಓಡಾಡುವ ದಾರಿಯಲ್ಲಿ ಅಲ್ಲದ ಜಾಗ, ಆದರೆ ಮನೆಯವರು ಕಣ್ಣಿಗೆ ಬೀಳುವ ಹಾಗೆ. ನೀರು ಹತ್ತಿರ ಇಡಿ. ಆಮೇಲೆ ನಿಮ್ಮ ಪಾಡಿಗೆ ನೀವು ಕೆಲಸ ಮಾಡುತ್ತಿರಿ. ಬಗ್ಗಿ ತಲೆ ಸವರುವುದು, ತಬ್ಬಿಕೊಳ್ಳುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಇವೆಲ್ಲ ನಮಗೆ ಪ್ರೀತಿ, ಗುರುತಿಲ್ಲದ ನಾಯಿಗೆ ಹೆದರಿಕೆ. ಹತ್ತಿರ ಹೋಗಿ ನೆಲದ ಮೇಲೆ ಸುಮ್ನೆ ಕೂತುಕೊಳ್ಳಿ, ಬೇಕಿದ್ದರೆ ಅದೇ ಬಂದು ಮೂಸುತ್ತದೆ. ಬಾಯಿ ಆಕಳಿಸುವುದು, ತುಟಿ ನೆಕ್ಕುವುದು, ಮುಖ ಆ ಕಡೆ ತಿರುಗಿಸುವುದು ಕಂಡರೆ ಎದ್ದು ಬನ್ನಿ, ಅದು ಇವತ್ತಿಗೆ ಸಾಕು ಅಂತ ಹೇಳುತ್ತಿದೆ.

ನಾಯಿ ಸಾಕುವವರಲ್ಲಿ ಮೂರು-ಮೂರು-ಮೂರು ಅಂತ ಒಂದು ಲೆಕ್ಕ ಇದೆ. ಮೊದಲ 3 ದಿನ ಗಾಬರಿ, 3 ವಾರಕ್ಕೆ ಮನೆಯ ಕ್ರಮ ಅರ್ಥವಾಗುವುದು, 3 ತಿಂಗಳಿಗೆ ಇದು ನನ್ನ ಮನೆ ಅನಿಸುವುದು. ಅಂದಾಜು ಲೆಕ್ಕ ಅಷ್ಟೇ, ಕ್ಯಾಲೆಂಡರ್ ನೋಡಿಕೊಂಡು ಕೂರಬೇಡಿ. ವಯಸ್ಸಾದ ನಾಯಿಗೆ ಇನ್ನೂ ಹೆಚ್ಚು ಸಮಯ ಹಿಡಿಯಬಹುದು.

ಒಂದು ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬಾರದು. ಗೇಟು. ಹೊಸ ಮನೆಗೆ ಬಂದ ನಾಯಿ ಸಂದು ಸಿಕ್ಕಿದರೆ ಹೊರಟುಬಿಡುತ್ತದೆ, ಹಳೆ ಮನೆ ಹುಡುಕಿಕೊಂಡು. ದಾರಿಯಲ್ಲಿ ಹೈವೇ ಇದೆ, ಬಸ್ಸು ಇದೆ, ಬೇರೆ ಬೇರೆ ಏರಿಯಾದ ನಾಯಿಗಳಿವೆ. ಬ್ರೌನಿ ಬರುವ ಮೊದಲು ನಾವು ಕಂಪೌಂಡ್ ಸುತ್ತ ಬಗ್ಗಿ ನೋಡಿಕೊಂಡು ಬಂದೆವು. ಗೇಟಿನ ಅಡಿಯ ಸಂದು, ಕೆಂಪು ಕಲ್ಲಿನ ಗೋಡೆಯಲ್ಲಿ ಮಳೆ ನೀರು ಹೋಗಲು ಬಿಟ್ಟ ತೂತು, ಹಿಂದೆ ತೆಂಗಿನ ಬುಡದ ಹತ್ತಿರ ಗೋಡೆ ಕುಸಿದ ಜಾಗ, ಎಲ್ಲ ಮುಚ್ಚಿದೆವು. ನೀರಿನ ತೂತಿಗೆ ಕಬ್ಬಿಣದ ಬಲೆ ಹಾಕಿ, ಇಲ್ಲದಿದ್ದರೆ ಜೂನ್‌ನಲ್ಲಿ ಅಂಗಳ ತುಂಬುತ್ತದೆ. ಕುತ್ತಿಗೆ ಪಟ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಮೊದಲ ದಿನವೇ ಹಾಕಿ. ಅಂಗಳದೊಳಗೂ ಶುರುವಿನಲ್ಲಿ ಹಗ್ಗ ಹಿಡಿದೇ ಕರೆದುಕೊಂಡು ಹೋಗಿ. ಪೇಪರಿನವನು, ಹಾಲಿನವನು, ಗ್ಯಾಸಿನವನು, ಎಲ್ಲರಿಗೂ ಗೇಟು ಹಾಕಿಕೊಳ್ಳಲು ಹೇಳಿ.

ಊಟ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ನೀರು ಕುಡಿಯುತ್ತಿದೆಯಾ ನೋಡಿ. ಎರಡನೇ ದಿನವೂ ಏನೂ ಮುಟ್ಟದಿದ್ದರೆ, ಅಥವಾ ವಾಂತಿ ಇದ್ದರೆ, ಡಾಕ್ಟರಿಗೆ ತೋರಿಸಿ, ವಯಸ್ಸಾದ ದೇಹ ಉಪವಾಸ ತಡೆಯುವುದಿಲ್ಲ. ಹಳೆ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ, ಬದಲಾಯಿಸುವುದಿದ್ದರೆ ವಾರ ಹತ್ತು ದಿನ ತೆಗೆದುಕೊಂಡು ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ. ಬ್ರೌನಿಗೆ ಅಭ್ಯಾಸ ಇದ್ದದ್ದು ಕುಚ್ಚಲಕ್ಕಿ ಅನ್ನ, ಮೀನು ಬೇಯಿಸಿದ ನೀರು. ನಾವು ಬೂತಾಯಿ ಮೀನನ್ನು ಉಪ್ಪು ಖಾರ ಏನೂ ಹಾಕದೆ ಕುಕ್ಕರಿನಲ್ಲಿ ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬೇಯಿಸುತ್ತೇವೆ, ಅನ್ನಕ್ಕೆ ಕಲಸುತ್ತೇವೆ. ದೊಡ್ಡ ಮೀನಿನ ಮುಳ್ಳು ಹಾಗೆ ಮೆತ್ತಗಾಗುವುದಿಲ್ಲ, ಬಿಡಿಸಿಯೇ ಕೊಡಬೇಕು. ಬೇಯಿಸಿದ ಕೋಳಿ ಮೂಳೆ ಬೇಡವೇ ಬೇಡ, ಅದು ಚೂಪಾಗಿ ಸೀಳುತ್ತದೆ. ನಮ್ಮ ಸಾರು, ಗಸಿ ಮಿಕ್ಕಿದ್ದನ್ನು ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅದರಲ್ಲಿ ನೀರುಳ್ಳಿ ಬೆಳ್ಳುಳ್ಳಿ ಇರುತ್ತದೆ, ಎರಡೂ ನಾಯಿಯ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷ. ಕ್ರಿಸ್ಮಸ್ ತಿಂಡಿಗಳ ಕುಸ್ವಾರಿನಲ್ಲಿ ಒಣದ್ರಾಕ್ಷಿ ಹಾಕಿದ ಕೇಕ್ ಇರುತ್ತದೆ, ತಟ್ಟೆಯನ್ನು ಎತ್ತರದಲ್ಲಿ ಇಡಿ.

ಬಂದ ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬೇಕಾಗಿಲ್ಲ, ಕಾಯಿಲೆಯ ಲಕ್ಷಣ ಇದ್ದರೆ ಬೇರೆ ಮಾತು. ಸ್ವಲ್ಪ ಸುಧಾರಿಸಿದ ಮೇಲೆ ಒಂದು ಪೂರ್ತಿ ತಪಾಸಣೆ ಮಾಡಿಸಿ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಲಿವರ್ ಗೊತ್ತಾಗುತ್ತದೆ. ಹಲ್ಲು ನೋಡಿಸಿ, ಊಟ ಬಿಡುವುದಕ್ಕೆ ಎಷ್ಟೋ ಸಲ ಹಲ್ಲು ನೋವೇ ಕಾರಣ. ಕಣ್ಣು ನೀಲಿ ಮಂಜಿನ ಹಾಗೆ ಕಂಡರೆ ಕುರುಡಾಯಿತು ಅಂತ ತಿಳಿಯಬೇಡಿ, ವಯಸ್ಸಿಗೆ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದು ಸಾಮಾನ್ಯ, ಅದರಲ್ಲಿ ದೃಷ್ಟಿ ಹೆಚ್ಚೇನೂ ಹೋಗುವುದಿಲ್ಲ, ಪೊರೆ ಬೇರೆ. ಹೆಣ್ಣು ನಾಯಿಗೆ ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗಿದೆಯಾ ಅಂತ ಕೇಳಿ. ಆಗದಿದ್ದರೆ ಬೆದೆಗೆ ಬಂದು ಕೆಲವು ವಾರ ಕಳೆದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ವಯಸ್ಸಾದಷ್ಟೂ ಅಪಾಯ ಜಾಸ್ತಿ. ನೀರು ಅತಿಯಾಗಿ ಕುಡಿಯುವುದು, ಮಂಕಾಗುವುದು, ಹಿಂದಿನಿಂದ ಕೀವು ಸೋರುವುದು ಕಂಡರೆ ಅದೇ ದಿನ ಆಸ್ಪತ್ರೆ. ಕೀವು ಹೊರಗೆ ಬಾರದೆಯೂ ಇರಬಹುದು, ಅದು ಇನ್ನೂ ಅಪಾಯ.

ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ವಿಷಯ ನೋಡಬೇಕು, ಉಣ್ಣಿ ಮತ್ತು ಇಲಿಜ್ವರ. ಉಣ್ಣಿ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ ಅಡಗಿರುತ್ತದೆ, ಅದರಿಂದ ಬರುವ ಜ್ವರದಲ್ಲಿ ರಕ್ತ ಕಡಿಮೆಯಾಗಿ ವಸಡು ಬಿಳಿಚಿಕೊಳ್ಳುತ್ತದೆ. ಇಲಿಜ್ವರ ಮಳೆಗಾಲದ ಕೊಚ್ಚೆ ನೀರಿನಿಂದ ಬರುತ್ತದೆ, ನಾಯಿಗೆ ಬಂದರೆ ಅದರ ಉಚ್ಚೆಯಿಂದ ನಮಗೂ ಬರಬಹುದು. ರೇಬೀಸ್ ಜೊತೆಗೆ ಇಲಿಜ್ವರದ ಲಸಿಕೆಯನ್ನೂ ವರ್ಷ ವರ್ಷ ಹಾಕಿಸಿ, ಹಳೆ ಪುಸ್ತಕ ಸಿಗದಿದ್ದರೆ ಡಾಕ್ಟರು ಮೊದಲಿನಿಂದ ಶುರು ಮಾಡುತ್ತಾರೆ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸರಿಯಾದದ್ದೇ. ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅದು ವಿಷವಾಗಬಹುದು.

ಈಗ ನೆಲ. ಈ ವಿಷಯ ಯಾರೂ ಹೇಳುವುದಿಲ್ಲ. ಬಾಯಮ್ಮನ ಮನೆಯಲ್ಲಿ ಹಳೆ ಕಾಲದ ಹಂಚಿನ ನೆಲ, ಕಾಲು ಜಾರುತ್ತಿರಲಿಲ್ಲ. ನಮ್ಮಲ್ಲಿ ನುಣ್ಣನೆ ಟೈಲ್ಸ್. ಬ್ರೌನಿ ಚಾವಡಿ ದಾಟಿ ಅಡುಗೆಮನೆಗೆ ಬರುತ್ತಲೇ ಇರಲಿಲ್ಲ, ಬಾಗಿಲಲ್ಲಿ ನಿಂತು ಒಂದು ಕಾಲು ಮುಂದಿಡುವುದು, ಉಗುರು ಕಿರ್ ಅಂತ ಜಾರುವುದು, ಹಿಂದೆ ತೆಗೆಯುವುದು. ಸಂಕೋಚ ಅಂತ ನೋಡಿದವರು ಹೇಳಬಹುದು. ಅದು ಸೊಂಟ ನೋವು, ಬಿದ್ದುಬಿಡುತ್ತೇನೆ ಅನ್ನುವ ಹೆದರಿಕೆ. ಅಮ್ಮ ಅಕ್ಕಿಯ ಗೋಣಿ ಬಿಚ್ಚಿ ಹೊಲಿದು ಉದ್ದಕ್ಕೆ ಹಾಸಿದರು, ಮಲಗುವ ಮೂಲೆಯಿಂದ ನೀರಿನ ಹತ್ತಿರಕ್ಕೆ, ಅಲ್ಲಿಂದ ಹೊರ ಬಾಗಿಲಿಗೆ. ಅವತ್ತೇ ನಡೆದುಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ಮಲಗಿದಳು. ರಬ್ಬರ್ ಮ್ಯಾಟ್ ಕೂಡ ಆಗುತ್ತದೆ, ಅಡಿಯಲ್ಲಿ ಜಾರದ್ದು ನೋಡಿ ತನ್ನಿ. ಉಗುರು ಉದ್ದ ಇದ್ದರೆ ಕತ್ತರಿಸಿ. ಮಳೆಗಾಲದ ಬೆಳಿಗ್ಗೆ ಏಳುವಾಗ ಕಾಲು ಹಿಡಿದುಕೊಂಡ ಹಾಗಿದ್ದರೆ ದಪ್ಪ ಹಾಸಿಗೆ ಕೊಡಿ, ತಣ್ಣನೆ ನೆಲದಲ್ಲಿ ಮಲಗಲು ಬಿಡಬೇಡಿ. ಕೀಲು ನೋವಿಗೆ ನಾಯಿಗೇ ಅಂತ ಔಷಧ ಇದೆ, ವಯಸ್ಸಾಯಿತು ಅಂತ ಸುಮ್ಮನಿರಬೇಡಿ.

ಹಳೆ ದಿನಚರಿ ಎಷ್ಟು ಗಟ್ಟಿಯಾಗಿ ಅದರ ಒಳಗೆ ಇರುತ್ತದೆ ಅಂತ ನನಗೆ ಗೊತ್ತಾದದ್ದು ಸಂಜೆ ಹೊತ್ತಿನಲ್ಲಿ. ಏಳು ಗಂಟೆ ಆಯಿತೆಂದರೆ ಬ್ರೌನಿ ಎದ್ದು ಚಾವಡಿಯಲ್ಲಿ ತಿರುಗಲು ಶುರು. ಪ್ರತಿ ಕುರ್ಚಿಯ ಹತ್ತಿರ ಹೋಗಿ ನಿಲ್ಲುವುದು, ಕುಂಯ್ ಅನ್ನುವುದು. ಕೇಳಿದಾಗ ಗೊತ್ತಾಯಿತು, ಅದು ಬಾಯಮ್ಮನ ತೇರ್ಸ್, ಅಂದರೆ ಜಪಸರ ಪ್ರಾರ್ಥನೆಯ ಹೊತ್ತು. ಅವರು ಜಪಸರ ಹಿಡಿದು ಕೂತರೆ ಇವಳು ಅವರ ಕಾಲಿನ ಬುಡದಲ್ಲಿ ಮಲಗುತ್ತಿದ್ದಳಂತೆ, ವರ್ಷಗಟ್ಟಲೆ. ಅಮ್ಮ ದಿನಾ ದೇವರಿಗೆ ದೀಪ ಇಡುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ದೀಪ ಇಟ್ಟು ಅಡುಗೆಮನೆಗೆ ಹೋಗುತ್ತಿದ್ದವರು ಆಮೇಲೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಸಣ್ಣಗೆ ಭಜನೆ ಹೇಳಲು ಶುರು ಮಾಡಿದರು. ಬ್ರೌನಿ ಸ್ವಲ್ಪ ದಿನ ದೂರದಿಂದ ನೋಡಿದಳು. ಆಮೇಲೆ ಕುರ್ಚಿಯ ಹತ್ತಿರ ಬಂದಳು. ಈಗ ಅಮ್ಮನಿಗಿಂತ ಮೊದಲು ಅವಳೇ ಅಲ್ಲಿರುತ್ತಾಳೆ. ನಿಮ್ಮ ನಾಯಿಗೂ ಇಂಥ ಒಂದು ಹೊತ್ತು ಇರುತ್ತದೆ, ನೋಡುತ್ತಾ ಇರಿ.

ಒಳಗೆ ಉಚ್ಚೆ ಮಾಡಿದರೆ ಬೈಯಬೇಡಿ, ಅದರಲ್ಲಿ ಮೂತಿ ತಿಕ್ಕುವುದಂತೂ ಬೇಡವೇ ಬೇಡ. ಹತ್ತು ವರ್ಷ ತೆಂಗಿನ ಬುಡದ ಮಣ್ಣಿಗೆ ಹೋಗಿ ಅಭ್ಯಾಸ ಇರುವವಳಿಗೆ ಇಂಟರ್‌ಲಾಕ್ ಹಾಕಿದ ಅಂಗಳ ಏನೆಂದು ಗೊತ್ತಾಗಬೇಕು? ಎದ್ದ ಕೂಡಲೇ, ಊಟ ಆದ ಮೇಲೆ, ಮಲಗುವ ಮೊದಲು ಮಣ್ಣೋ ಹುಲ್ಲೋ ಇರುವ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಆದರೆ ನೀರು ಕುಡಿಯುವುದೂ ಉಚ್ಚೆಯೂ ಎರಡೂ ಜಾಸ್ತಿ ಇದ್ದರೆ ಅದು ಅಭ್ಯಾಸದ ವಿಷಯ ಅಲ್ಲ, ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ನೋಡಿಸಬೇಕು. ರಾತ್ರಿ ಎದ್ದು ತಿರುಗುವುದಕ್ಕೂ ಹೀಗೇ. ಶುರುವಿನಲ್ಲಿ ಹೊಸ ಜಾಗದ ಗಲಿಬಿಲಿ, ಒಂದು ಸಣ್ಣ ಬಲ್ಬ್ ಉರಿಸಿಟ್ಟು ನೀವು ಹತ್ತಿರ ಮಲಗಿದರೆ ಸರಿಹೋಗುತ್ತದೆ. ತಿಂಗಳುಗಟ್ಟಲೆ ಮುಂದುವರಿದು, ಗೋಡೆ ನೋಡುತ್ತಾ ನಿಲ್ಲುವುದು, ಮೂಲೆಯಲ್ಲಿ ಸಿಕ್ಕಿಕೊಂಡ ಹಾಗೆ ಇರುವುದು ಕಂಡರೆ ವಯಸ್ಸಿನ ಮರೆವು ಇರಬಹುದು, ಅದಕ್ಕೂ ಡಾಕ್ಟರ ಹತ್ತಿರ ಉಪಾಯ ಇದೆ. ಮಲಗಿರುವಾಗ ಹಿಂದಿನಿಂದ ಹೋಗಿ ಮುಟ್ಟಬೇಡಿ. ಕಿವಿ ಕೇಳದಿದ್ದರೆ ಬೆಚ್ಚಿಬಿದ್ದು ಕಚ್ಚಬಹುದು. ನೆಲಕ್ಕೆ ಕಾಲಿನಿಂದ ಎರಡು ಸಲ ತಟ್ಟಿ, ಅದುರುವಿಕೆಗೆ ಎಚ್ಚರವಾಗುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ಬೆಕ್ಕಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇರೆ ಬೇರೆ ಕೋಣೆ, ಬೇರೆ ತಟ್ಟೆ, ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ. ಉಳಿದದ್ದು ಅವರಿಬ್ಬರ ನಡುವೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಮೊದಲ ಭೇಟಿ ಗೇಟಿನಲ್ಲಿ ಬೇಡ, ರಸ್ತೆಯಲ್ಲಿ ಇಬ್ಬರು ಹಗ್ಗ ಹಿಡಿದು ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ, ಆಮೇಲೆ ಒಟ್ಟಿಗೆ ಒಳಗೆ ಬನ್ನಿ.

ನಮ್ಮೂರಿನ ಸದ್ದು ಕಡಿಮೆ ಅಲ್ಲ. ನವರಾತ್ರಿಯ ಹುಲಿವೇಷ, ತಾಸೆ ವಾದ್ಯ, ದೀಪಾವಳಿಯ ಪಟಾಕಿ, ಅದರ ಜೊತೆಗೆ ಅಕ್ಟೋಬರ್ ಸಂಜೆಯ ಸಿಡಿಲು. ನಾಯಿಯನ್ನು ತರುವವರು ಆ ತಿಂಗಳು ಬಿಟ್ಟು ಬೇರೆ ಸಮಯದಲ್ಲಿ ತರುವುದು ಒಳ್ಳೆಯದು. ಆಗದಿದ್ದರೆ ಒಳಗಿನ ಒಂದು ಕೋಣೆ ಮೊದಲೇ ಸಿದ್ಧ ಇರಲಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಟಿವಿ ಹಚ್ಚಿ, ಹಳೆ ಬೆಡ್‌ಶೀಟ್ ಅಲ್ಲೇ ಹಾಸಿ. ಮಂಚದಡಿ ಹೋಗಿ ಕೂತರೆ ಎಳೆಯಬೇಡಿ. ತೀರಾ ನಡುಗುವ ನಾಯಿಗೆ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ, ಹಬ್ಬಕ್ಕೆ ಮೊದಲೇ ಹೋಗಿ ಕೇಳಿ, ನೀವೇ ನಿದ್ದೆ ಮಾತ್ರೆ ತಂದು ಹಾಕಬೇಡಿ.

ಕೊನೆಗೆ, ಮನೆಯಲ್ಲಿ ಈಗ ವಯಸ್ಸಾದ ನಾಯಿ ಇರುವ ಹಿರಿಯರಲ್ಲಿ, ಅವರ ದೂರದೂರಿನ ಮಕ್ಕಳಲ್ಲಿ ಒಂದು ಮಾತು. ಬೀಗ ಹಾಕುವ ವಾರ ಗ್ರೂಪಿನಲ್ಲಿ ಫೋಟೋ ಹಾಕಿದರೆ ಯಾರೂ ಸಿಗುವುದಿಲ್ಲ, ಆಗ ಕಾಲ ಮೀರಿರುತ್ತದೆ. ಈಗಲೇ ಒಬ್ಬರನ್ನು ಗೊತ್ತು ಮಾಡಿಡಿ. ಅವರು ಆಗಾಗ ಮನೆಗೆ ಬಂದು ಹೋಗಲಿ, ನಾಯಿಗೆ ಅವರ ಕೈಯಿಂದ ಏನಾದರೂ ತಿನ್ನಿಸಲಿ, ಒಂದೆರಡು ರಾತ್ರಿ ಅವರ ಮನೆಯಲ್ಲಿ ಮಲಗಿ ಬರಲಿ. ಊಟದ ಹೊತ್ತು, ಮಾತ್ರೆ, ಹೆದರಿಕೆ, ಯಾವ ಮಾತಿಗೆ ಏಳುತ್ತದೆ, ಯಾವ ಮಾತಿಗೆ ಬರುತ್ತದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಲಸಿಕೆ ಪುಸ್ತಕದ ಒಳಗೆ ಇಡಿ. ಆ ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಪಕ್ಕದ ಮನೆಯವರಿಗೂ ಹೇಳಿಡಿ.